ಗಾಜಿನ ಕುಪ್ಪಿ: ಔಷಧಶಾಲೆಯಿಂದ ಕಥಾಲೋಕದವರೆಗೆ

ಹೆಬ್ಬೆರಳಿನಷ್ಟು ಗಾತ್ರದ, ಕಿರಿದಾದ ಕೊರಳಿನ ಗಾಜಿನ ಪಾತ್ರೆಗೆ ಕನ್ನಡದಲ್ಲಿ ಒಂದೇ ಹೆಸರು ನಿಂತಿಲ್ಲ. ಕಾಸರಗೋಡಿನ ಮನೆಗಳಲ್ಲಿ ಅದು ಕುಪ್ಪಿ. ಮೈಸೂರು ಸೀಮೆಯಲ್ಲಿ ಸೀಸೆ. ಉತ್ತರದ ಗಡಿಯಲ್ಲಿ ಮರಾಠಿ, ಉರ್ದುಗಳ ಒಡನಾಟದಿಂದ ಶೀಶಿ ಎಂಬ ಉಚ್ಚಾರವೂ ಕೇಳಿಬರುತ್ತದೆ. ಒಳಗೆ ತುಂಬಿದ್ದು ಮಸಿಯೋ ಸೀಮೆಎಣ್ಣೆಯೋ ಆದರೆ ಅದೇ ಪಾತ್ರೆ ಬುಡ್ಡಿಯಾಗುತ್ತದೆ. ನೆರೆಯ ತೆಲುಗಿನಲ್ಲಿಯೂ ಅದು ಬುಡ್ಡಿಯೇ. ಕುಪ್ಪಿ ಎಂಬ ಶಬ್ದವು ತುಳು, ಮಲಯಾಳ, ತಮಿಳುಗಳಿಗೆ ಸಮಾನವಾದುದು. ಮರಾಠಿಯಲ್ಲಿ ಅತ್ತರಿನ ಪುಟ್ಟ ಪಾತ್ರೆಗೆ ‘ಕುಪಿ’ ಎನ್ನುತ್ತಾರೆ. ಇವೆಲ್ಲವುಗಳ ಹಿಂದೆ ಸಂಸ್ಕೃತದ ‘ಕೂಪೀ’ ಇದೆಯೆಂದು ಹೇಳಲಾಗುತ್ತದೆ. ಸೀಸೆಯಾದರೋ ಪಾರಸಿಯ ‘ಶೀಶಾ’ದಿಂದ ಬಂದುದು, ಅಲ್ಲಿ ಅದರ ಅರ್ಥ ಗಾಜು ಎಂದೇ. ಸೀಸವೆಂಬ ಲೋಹಕ್ಕೂ ಸೀಸೆಗೂ ಕಿವಿಗೆ ಕೇಳುವ ನಂಟಲ್ಲದೆ ಬೇರೆ ನಂಟಿಲ್ಲ. ಮಲಯಾಳದಲ್ಲಿ ಗಾಜಿನ ಬಳೆಗೆ ‘ಕುಪ್ಪಿವಳ’ ಎಂಬ ಹೆಸರಿರುವುದೂ, ತೆಲುಗಿನಲ್ಲಿ ‘ಗಾಜು’ ಎಂಬ ಒಂದೇ ಶಬ್ದ ಬಳೆಯನ್ನೂ ಗಾಜನ್ನೂ ಸೂಚಿಸುವುದೂ ಗಮನಾರ್ಹ. ದಕ್ಷಿಣದ ಮನೆಗಳೊಳಗೆ ಗಾಜು ಬಂದುದು ಹೆಚ್ಚಾಗಿ ಈ ಎರಡು ರೂಪಗಳಲ್ಲಿಯೇ ಇರಬೇಕು.

ಭಾರತೀಯ ರಸಶಾಸ್ತ್ರದಲ್ಲಿ ಕಾಚಕೂಪಿಗೆ, ಎಂದರೆ ಗಾಜಿನ ಕುಪ್ಪಿಗೆ, ವಿಶಿಷ್ಟ ಸ್ಥಾನವಿದೆ. ರಸಸಿಂದೂರ, ಮಕರಧ್ವಜ ಮೊದಲಾದ ಔಷಧಗಳನ್ನು ‘ಕೂಪೀಪಕ್ವ’ ಎಂದು ಕರೆಯುವುದೇ ಅವು ಕುಪ್ಪಿಯಲ್ಲಿ ಬೆಂದವು ಎಂಬ ಕಾರಣದಿಂದ. ಪಾದರಸವನ್ನೂ ಗಂಧಕವನ್ನೂ ಸೇರಿಸಿ ಕಾಡಿಗೆಯಂತಾಗುವ ತನಕ ಅರೆದು, ಆ ಕಜ್ಜಲಿಯನ್ನು ಕುಪ್ಪಿಯ ಮೂರನೆಯ ಒಂದು ಭಾಗಕ್ಕೆ ಮೀರದಂತೆ ತುಂಬುತ್ತಾರೆ. ಅದಕ್ಕೂ ಮೊದಲು ಕುಪ್ಪಿಯ ಹೊರಮೈಗೆ ಮಣ್ಣು ಮೆತ್ತಿದ ಬಟ್ಟೆಯನ್ನು ಏಳು ಸುತ್ತು ಸುತ್ತಿ, ಒಂದೊಂದು ಸುತ್ತನ್ನೂ ಒಣಗಿಸಿರುತ್ತಾರೆ. ಇಲ್ಲವಾದರೆ ಗಾಜು ಉರಿಯನ್ನು ತಾಳಲಾರದು. ಬಳಿಕ ಮರಳು ತುಂಬಿದ ಪಾತ್ರೆಯಲ್ಲಿ ಅದನ್ನು ಕೊರಳವರೆಗೆ ಹೂತು, ಮಂದ, ಮಧ್ಯಮ, ತೀವ್ರ ಎಂಬ ಕ್ರಮದಲ್ಲಿ ಉರಿ ಕೊಡಲಾಗುತ್ತದೆ. ಗಂಧಕದ ಹೊಗೆ ನಿಂತ ಮೇಲೆ ಬಾಯಿಯನ್ನು ಮುಚ್ಚುತ್ತಾರೆ. ಕೆಳಗಿನಿಂದ ಆವಿಯಾಗಿ ಎದ್ದ ಪದಾರ್ಥವು ತಂಪಾದ ಕೊರಳಿನಲ್ಲಿ ಕೆಂಪಾಗಿ ಹರಳುಗಟ್ಟುತ್ತದೆ. ಅದನ್ನು ತೆಗೆಯುವ ವಿಧಾನವೂ ಸೊಗಸಾದುದು: ಎಣ್ಣೆಯಲ್ಲಿ ನೆನೆಸಿದ ದಾರವನ್ನು ಕುಪ್ಪಿಯ ನಡುವಿಗೆ ಸುತ್ತಿ ಹೊತ್ತಿಸಿ, ಅದು ಉರಿದು ಮುಗಿದೊಡನೆ ಒದ್ದೆ ಬಟ್ಟೆಯನ್ನು ಹೊದಿಸಿದರೆ ದಾರವಿದ್ದ ಗೆರೆಯಲ್ಲಿಯೇ ಗಾಜು ಎರಡಾಗುತ್ತದೆ. ಈ ಔಷಧಗಳ ಗುಣದೋಷದ ವಿಚಾರ ಬೇರೆ. ಗಾಜು ಗಂಧಕದೊಡನೆಯೂ ಪಾದರಸದೊಡನೆಯೂ ಕೂಡಿಕೊಳ್ಳುವುದಿಲ್ಲ, ಬಿಸಿ ತಣ್ಣನೆಗಳ ಏರುಪೇರಿಗೆ ಮಾತ್ರ ಒಡೆಯುತ್ತದೆ ಎಂಬ ಎರಡು ಸಂಗತಿಗಳನ್ನು ಆ ಕುಶಲಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಮೊದಲನೆಯದನ್ನು ಪಾಕಕ್ಕೂ ಎರಡನೆಯದನ್ನು ಕತ್ತರಿಸುವುದಕ್ಕೂ ಬಳಸಿಕೊಂಡರು.

ಪಶ್ಚಿಮದ ಕಥೆ ಬೇರೆ ದಾರಿಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಸಿರಿಯಾ, ಪ್ಯಾಲೆಸ್ಟೈನ್ ಕರಾವಳಿಯಲ್ಲಿ ಗಾಜನ್ನು ಕೊಳವೆಯಿಂದ ಊದಿ ಉಬ್ಬಿಸುವ ಕಲೆ ಹುಟ್ಟಿತು. ಅದುವರೆಗೆ ಅರಸರ ಸೊತ್ತಾಗಿದ್ದ ಗಾಜಿನ ಪಾತ್ರೆ ರೋಮನ್ ಸಾಮ್ರಾಜ್ಯದಲ್ಲಿ ಸಾಮಾನ್ಯರ ಕೈಗೂ ಬಂತು. ಆ ಕಾಲದ ಸಮಾಧಿಗಳಲ್ಲಿ ಉದ್ದ ಕೊರಳಿನ ಸಣ್ಣ ಕುಪ್ಪಿಗಳು ಬಹುಸಂಖ್ಯೆಯಲ್ಲಿ ದೊರೆತಿವೆ. ಸತ್ತವರಿಗಾಗಿ ಸುರಿಸಿದ ಕಣ್ಣೀರನ್ನು ಹಿಡಿದಿಟ್ಟ ಕುಪ್ಪಿಗಳಿವು ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಭಾವುಕತೆಗೆ ಅದು ತುಂಬ ಹಿಡಿಸಿತು. ಒಳಗಂಟಿದ ಶೇಷವನ್ನು ರಸಾಯನಿಕವಾಗಿ ಪರೀಕ್ಷಿಸಿದಾಗ ಸಿಕ್ಕಿದ್ದು ಎಣ್ಣೆ ಮತ್ತು ಸುಗಂಧದ್ರವ್ಯಗಳ ಅಂಶ. ಆದರೂ ‘ಕಣ್ಣೀರ ಕುಪ್ಪಿ’ ಎಂಬ ಹೆಸರು ವಸ್ತುಸಂಗ್ರಹಾಲಯಗಳ ಮಾತಿನಿಂದ ಇನ್ನೂ ಪೂರ್ಣವಾಗಿ ಅಳಿದಿಲ್ಲ.

ಗಾಜು ಏನನ್ನೂ ಅಂಟಿಸಿಕೊಳ್ಳದ, ಏನನ್ನೂ ಬಿಟ್ಟುಕೊಡದ ವಸ್ತುವೆಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧಸತ್ಯ. ಮರಳು, ಸೋಡಾ ಮತ್ತು ಸುಣ್ಣಗಳನ್ನು ಕರಗಿಸಿ ಮಾಡಿದ ಸಾಧಾರಣ ಗಾಜು ತನ್ನೊಳಗಿನ ಕ್ಷಾರವನ್ನು ನೀರಿಗೆ ಬಲು ನಿಧಾನವಾಗಿ ಬಿಡುತ್ತದೆ. ಕುಡಿಯುವ ಲೋಟಕ್ಕೆ ಅದರಿಂದ ಬಾಧಕವಿಲ್ಲ. ವರ್ಷಗಟ್ಟಲೆ ಔಷಧವನ್ನು ಹಿಡಿದಿಡಬೇಕಾದ ಕುಪ್ಪಿಗೆ ಅದು ದೋಷ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಆಟೋ ಶಾಟ್ ಎಂಬ ರಸಾಯನಜ್ಞನು ಗಾಜಿಗೆ ಬೋರಾನ್ ಆಕ್ಸೈಡನ್ನು ಸೇರಿಸಿ ಬೋರೋಸಿಲಿಕೇಟ್ ಗಾಜನ್ನು ರೂಪಿಸಿದನು. ಇದು ಬಿಸಿಗೆ ಹಿಗ್ಗುವುದು ಸಾಧಾರಣ ಗಾಜಿನ ಸುಮಾರು ಮೂರನೆಯ ಒಂದರಷ್ಟು ಮಾತ್ರ. ಆದಕಾರಣ ಕುದಿಯುವ ನೀರಿನಿಂದ ತಣ್ಣೀರಿಗೆ ಬಿದ್ದರೂ ಸುಲಭವಾಗಿ ಬಿರಿಯುವುದಿಲ್ಲ, ಕ್ಷಾರವನ್ನೂ ಅಷ್ಟಾಗಿ ಬಿಡುವುದಿಲ್ಲ. ಇಂದು ಚುಚ್ಚುಮದ್ದಿನ ಕುಪ್ಪಿಗಳಲ್ಲಿ ಶ್ರೇಷ್ಠವೆನಿಸಿದ ಮೊದಲನೆಯ ದರ್ಜೆಯ ಗಾಜು ಇದೇ. ಬೆಳಕಿಗೆ ಕೆಡುವ ಔಷಧಗಳಿಗೆ ಬಳಸುವ ಕಂದುಬಣ್ಣದ ಗಾಜಿನಲ್ಲಿ ಆ ಬಣ್ಣವನ್ನು ಕೊಡುವುದು ಕಬ್ಬಿಣ ಮತ್ತು ಗಂಧಕದ ಅಂಶ.

ಕುಪ್ಪಿಯ ನಿಜವಾದ ಬೆಲೆ ತಿಳಿಯಬೇಕಾದರೆ ಅದಿಲ್ಲದ ಕಾಲವನ್ನು ನೆನೆಯಬೇಕು. ಸಿಡುಬಿನ ವಿರುದ್ಧ ಜೆನ್ನರ್ ಕಂಡುಕೊಂಡ ಗೋಸಿಡುಬಿನ ಲಸಿಕೆಯನ್ನು ಭಾರತಕ್ಕೆ ತರಲು ಮೊದಲು ಅದನ್ನು ದಾರಕ್ಕೆ ಹಚ್ಚಿ ಒಣಗಿಸಿಯೂ ಗಾಜಿನ ಹಲ್ಲೆಗಳ ನಡುವೆ ಇರಿಸಿಯೂ ಕಳುಹಿಸಲು ಯತ್ನಿಸಿದರು. ದೀರ್ಘಯಾನದ ಸೆಕೆಯಲ್ಲಿ ಅದರ ಸತ್ವ ಉಳಿಯಲಿಲ್ಲ. ಕೊನೆಗೆ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ತಂದು, ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದರು. ಮುಂದೆ ದೇಶದಲ್ಲಿ ಹರಡಿದ ಲಸಿಕೆಯ ಮೂಲ ಆ ಮಗುವಿನ ತೋಳು. ಬಹುಕಾಲ ಮಕ್ಕಳ ಮೈಯೇ ಕುಪ್ಪಿಯಾಗಿತ್ತು. ಲಸಿಕೆಯೊಡನೆ ಬೇರೆ ರೋಗಗಳೂ ದಾಟುತ್ತಿದ್ದವು. ಕರುಗಳ ಮೈಯಿಂದ ತೆಗೆದ ದ್ರವಕ್ಕೆ ಗ್ಲಿಸರಿನ್ ಬೆರೆಸಿ ಸಣ್ಣ ಗಾಜಿನ ನಳಿಗೆಗಳಲ್ಲಿ ಬಿಗಿದು ಕಳುಹಿಸುವ ವಿಧಾನ ಬಂದ ಮೇಲೆಯೇ ಆ ಪದ್ಧತಿ ಹಿಂದೆ ಸರಿದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಲಸಿಕಾ ಸಂಸ್ಥೆ ಮುಂಬಯಿ ಪ್ರಾಂತಕ್ಕಾಗಿ ಇದೇ ಕೆಲಸವನ್ನು ಮಾಡಿತು. ಊರಿನ ತಿಲಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೊ’ ಎಂಬ ಸ್ಥಳನಾಮವಾಗಿ ಅದರ ನೆನಪು ಇಂದಿಗೂ ಉಳಿದಿದೆ.

ಕುಪ್ಪಿಯೊಂದು ಎಷ್ಟು ದೊಡ್ಡ ವಿವಾದಕ್ಕೆ ಕಾರಣವಾಗಬಲ್ಲುದೆಂಬುದಕ್ಕೆ ಮುಲ್ಕೋವಾಲ್ ದುರಂತವೇ ಉದಾಹರಣೆ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಜೀವಾಣುತಜ್ಞನು ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನಗೇ ಚುಚ್ಚಿಸಿಕೊಂಡನು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳ ಕೆಳಗೆ ಬಿಳಲಿನಂತೆ ಜೋತುಬೀಳುವ ಪ್ಲೇಗಿನ ಜೀವಾಣುಗಳನ್ನು ಬೆಳೆಸಿ, ಅನಂತರ ಕಾಯಿಸಿ ಕೊಲ್ಲುವುದು ಅವನ ವಿಧಾನ. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಈ ಲಸಿಕೆಯನ್ನು ಸಾವಿರಾರು ಮಂದಿ ಚುಚ್ಚಿಸಿಕೊಂಡರು. ಲಸಿಕೆಯ ಫಲವನ್ನು ಅಳೆಯುವಲ್ಲಿ ಹುಬ್ಬಳ್ಳಿಯ ಅನುಭವವನ್ನು ಆ ಕಾಲದ ವೈದ್ಯರು ಮತ್ತೆ ಮತ್ತೆ ಉಲ್ಲೇಖಿಸಿದರು. ಬೇಡಿಕೆ ಏರಿತು. ಮುಂಬಯಿಯ ಪರೇಲಿನ ಪ್ರಯೋಗಶಾಲೆ ಲಸಿಕೆಯನ್ನು ಬೇಗ ಬೇಗ ತಯಾರಿಸಿ ದೂರದ ಪ್ರಾಂತಗಳಿಗೆ ಕಳುಹಿಸತೊಡಗಿತು. ಇದಕ್ಕಾಗಿ ತಯಾರಿಕೆಯ ಕ್ರಮದಲ್ಲಿ ಒಂದು ಬದಲಾವಣೆಯಾಯಿತು: ಕೆಡದಂತೆ ಬೆರೆಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಕಾಯಿಸುವಿಕೆಯೊಂದನ್ನೇ ನೆಚ್ಚಿಕೊಂಡರು.

೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಐದು ಕುಪ್ಪಿಗಳಿಂದ ೧೦೭ ಮಂದಿಗೆ ಲಸಿಕೆ ಹಾಕಲಾಯಿತು. ವಾರ ಕಳೆಯುವಷ್ಟರಲ್ಲಿ ಅವರಲ್ಲಿ ೧೯ ಮಂದಿಗೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತು ಜನರೂ ಸತ್ತರು. ಅಷ್ಟೂ ಮಂದಿಗೆ ಲಸಿಕೆ ಬಂದುದು ೫೩-ಎನ್ ಎಂಬ ಗುರುತಿನ ಒಂದೇ ಕುಪ್ಪಿಯಿಂದ. ಉಳಿದ ನಾಲ್ಕು ಕುಪ್ಪಿಗಳಿಂದ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ. ವಿಚಾರಣಾ ಆಯೋಗವು ವಿಷ ಕುಪ್ಪಿಯೊಳಗೆ ಸೇರಿದುದು ಪರೇಲಿನಲ್ಲಿಯೇ ಎಂಬ ನಿರ್ಣಯಕ್ಕೆ ಬಂತು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟುದು ದೊಡ್ಡ ತಪ್ಪೆನಿಸಿತು. ಹಾಫ್‌ಕಿನ್ ತನ್ನ ಸ್ಥಾನವನ್ನು ತೊರೆಯಬೇಕಾಯಿತು.

ಆದರೆ ಸಾಕ್ಷ್ಯದಲ್ಲಿ ಇನ್ನೊಂದು ಸಂಗತಿಯಿತ್ತು. ಹಳ್ಳಿಯಲ್ಲಿ ಕುಪ್ಪಿಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಹಾಗೆಯೇ ಬಳಸಲಾಗಿತ್ತು. ಧನುರ್ವಾಯುವಿನ ಬೀಜ ಮಣ್ಣಿನಲ್ಲಿ ನೆಲೆಸಿರುವಂಥದು. ಅದಕ್ಕೆ ಅಷ್ಟು ಅದ್ದಿದ ಮಾತ್ರಕ್ಕೆ ಸಾವಿಲ್ಲ. ಮಲೇರಿಯಾ ಸಂಶೋಧನೆಗೆ ಹೆಸರಾದ ರೊನಾಲ್ಡ್ ರಾಸ್ ಮೊದಲಾದವರು ಈ ಅಂಶವನ್ನು ಹಿಡಿದು ವಾದಿಸಿದರು. ಪರೇಲಿನಲ್ಲಿ ಕುಪ್ಪಿಯನ್ನು ತುಂಬಿ ವಾರಗಳೇ ಕಳೆದಿದ್ದವು. ರೋಗಾಣು ಅಲ್ಲಿಯೇ ಸೇರಿದ್ದರೆ ಒಳಗೆ ಬೆಳೆದು ದುರ್ವಾಸನೆ ಹುಟ್ಟಬೇಕಿತ್ತು, ತೆರೆದಾಗ ಅಂಥ ವಾಸನೆ ಇರಲಿಲ್ಲ ಎಂಬುದು ಅವರ ತರ್ಕ. ಲಂಡನ್ನಿನ ಲಿಸ್ಟರ್ ಸಂಸ್ಥೆಯೂ ಸಾಕ್ಷ್ಯವನ್ನು ಪರಿಶೀಲಿಸಿ ಇದೇ ದಿಕ್ಕಿಗೆ ಬೆರಳು ತೋರಿತು. ೧೯೦೭ರಲ್ಲಿ ಹಾಫ್‌ಕಿನ್ ಮೇಲಿನ ಆರೋಪ ನೀಗಿತು. ಅವನು ಕಲಕತ್ತೆಗೆ ಮರಳಿದರೂ ಮೊದಲಿನ ಅಧಿಕಾರ ಮರಳಲಿಲ್ಲ. ಪರೇಲಿನ ಪ್ರಯೋಗಶಾಲೆಗೆ ೧೯೨೫ರಲ್ಲಿ ಅವನ ಹೆಸರಿಟ್ಟರು. ಕುಪ್ಪಿಯ ಮೇಲೆ ಗುರುತಿನ ಸಂಖ್ಯೆ ಇಲ್ಲದಿದ್ದರೆ ಈ ವಿಚಾರಣೆಯೇ ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಹತ್ತೊಂಬತ್ತು ಸಾವುಗಳನ್ನು ಒಂದು ಪಾತ್ರೆಗೆ ಕಟ್ಟಿಹಾಕಿದ್ದು ಅಂಕಿ ಮತ್ತು ಅಕ್ಷರದ ಆ ಸಣ್ಣ ಚೀಟಿ.

ಹುಚ್ಚುನಾಯಿ ಕಡಿತದ ಚಿಕಿತ್ಸೆ ಗಡಿನಾಡುಗಳಿಗೆ ಹೆಚ್ಚು ಹತ್ತಿರದ ವಿಷಯ. ಪಾಶ್ಚರನ ವಿಧಾನದಲ್ಲಿ ಮೊಲದ ಬೆನ್ನುಹುರಿಯನ್ನು ದಿನ ಲೆಕ್ಕ ಹಾಕಿ ಒಣಗಿಸಿ ಪ್ರತಿದಿನವೂ ಹೊಸದಾಗಿ ಲಸಿಕೆ ಸಿದ್ಧಪಡಿಸಬೇಕಿತ್ತು. ಅದನ್ನು ಕುಪ್ಪಿಯಲ್ಲಿ ತುಂಬಿ ಕಳುಹಿಸುವಂತಿರಲಿಲ್ಲ. ಕಚ್ಚಿಸಿಕೊಂಡವನೇ ಲಸಿಕೆಯಿದ್ದಲ್ಲಿಗೆ ಹೋಗಬೇಕಿತ್ತು. ೧೯೦೦ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ದಕ್ಷಿಣಕ್ಕಾಗಿ ನೀಲಗಿರಿಯ ಕುನ್ನೂರಿನಲ್ಲಿ ೧೯೦೭ರಲ್ಲಿ ಇನ್ನೊಂದು ತೆರೆಯಿತು. ಆಗ ಕಾಸರಗೋಡು ದಕ್ಷಿಣ ಕನ್ನಡದಲ್ಲಿ, ವಯನಾಡು ಮಲಬಾರಿನಲ್ಲಿ, ಹೊಸೂರು ಸೇಲಂನಲ್ಲಿ, ಆದವಾನಿ ಮತ್ತು ರಾಯದುರ್ಗ ಬಳ್ಳಾರಿಯಲ್ಲಿ ಇದ್ದವು. ಎಲ್ಲವೂ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ಈ ಊರುಗಳ ಜನರಿಗೆ ಹಿಮಾಲಯದ ಬದಲು ನೀಲಗಿರಿ ಎಂದಾದದ್ದೇ ದೊಡ್ಡ ಉಪಕಾರ. ೧೯೧೧ರ ಸುಮಾರಿಗೆ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬವನು ಕಾರ್ಬಾಲಿಕ್ ಆಮ್ಲದಿಂದ ನಿರ್ಜೀವಗೊಳಿಸಿದ ಲಸಿಕೆಯನ್ನು ರೂಪಿಸಿದ ಮೇಲೆ ಪ್ರಯಾಣದ ದಿಕ್ಕು ತಿರುಗಿತು: ರೋಗಿ ಬೆಟ್ಟ ಹತ್ತುವ ಬದಲು ಕುಪ್ಪಿ ಬೆಟ್ಟವಿಳಿದು ಆಸ್ಪತ್ರೆಗಳಿಗೆ ಬರತೊಡಗಿತು. ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂದು ಹಿರಿಯರು ಹೇಳುತ್ತಿದ್ದುದು ಈ ವರ್ಗದ ಲಸಿಕೆಯನ್ನೇ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಅದು ಕೆಲವರಲ್ಲಿ ಪಾರ್ಶ್ವವಾಯುವಿನಂಥ ತೊಂದರೆಯನ್ನು ಉಂಟುಮಾಡುತ್ತಿತ್ತು. ಭಾರತದಲ್ಲಿ ಅದರ ಉತ್ಪಾದನೆ ನಿಂತುದು ೨೦೦೪ರ ಕೊನೆಗೆ. ಈಗಿನ ಜೀವಕೋಶ ಲಸಿಕೆಯನ್ನು ಚರ್ಮದೊಳಗೆ ಎರಡು ಕಡೆ ೦.೧ ಮಿಲಿಲೀಟರಿನಂತೆ ಚುಚ್ಚುವ ಕ್ರಮದಲ್ಲಿ ಒಂದು ಕುಪ್ಪಿ ಹಲವರಿಗೆ ಆಗಿಬರುತ್ತದೆ. ಬೆಲೆಯ ದೃಷ್ಟಿಯಿಂದ ಬಡವರಿಗೆ ಇದು ಸಣ್ಣ ಸಂಗತಿಯಲ್ಲ.

ಒಂದೇ ಬಾರಿ ಬಳಸಿ ಬಿಸಾಡುವ, ಬೆಂಕಿಯಲ್ಲಿ ಕೊರಳನ್ನು ಕರಗಿಸಿ ಬೆಸೆದ ಆಂಪೂಲನ್ನು ಫ್ರಾನ್ಸಿನ ಔಷಧಕಾರ ಸ್ತಾನಿಸ್ಲಾ ಲಿಮೂಜಾಂ ೧೮೮೬ರಲ್ಲಿ ಪ್ರಕಟಪಡಿಸಿದನು. ಅದೇ ವರ್ಷ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಡಾಕ್ಟರ್ ಜೆಕಿಲ್‌ನ ಕಥೆ ಅಚ್ಚಾದುದು ಕೇವಲ ಆಕಸ್ಮಿಕ. ಆದರೆ ಎರಡರಲ್ಲಿಯೂ ಇರುವುದು ಒಂದೇ ಪ್ರಶ್ನೆ, ಕುಪ್ಪಿಯೊಳಗಿನ ವಸ್ತು ಎಷ್ಟು ಶುದ್ಧ ಎಂಬುದು. ಜೆಕಿಲ್ ತಾನು ಕುಡಿಯುವ ಮದ್ದಿಗಾಗಿ ಒಂದು ಲವಣವನ್ನು ತರಿಸುತ್ತಾನೆ. ಅದು ತೀರಿದ ಮೇಲೆ ತರಿಸಿದ ಲವಣ ಫಲ ಕೊಡುವುದಿಲ್ಲ. ಹೊಸದು ಅಶುದ್ಧವೆಂದು ಭಾವಿಸಿ ಲಂಡನ್ನನ್ನೆಲ್ಲ ಹುಡುಕಿಸಿದ ಬಳಿಕ ಅವನಿಗೆ ಹೊಳೆಯುತ್ತದೆ: ಅಶುದ್ಧವಾಗಿದ್ದುದು ಮೊದಲಿನದೇ, ಅದರೊಳಗಿನ ಅಜ್ಞಾತ ಕಲ್ಮಶವೇ ಮದ್ದಾಗಿ ಕೆಲಸ ಮಾಡಿತ್ತು. ಹೈಡ್‌ನ ಹೆಣದ ಕೈಯಲ್ಲಿ ಕೊನೆಗೆ ಸಿಕ್ಕುವುದು ನುಚ್ಚುನೂರಾದ ಕುಪ್ಪಿ. ಭಯದ ಕಥೆಯೆಂದು ಪ್ರಸಿದ್ಧವಾದ ಈ ಕೃತಿಯನ್ನು ರಸಾಯನಶಾಲೆಯ ದುರಂತವೆಂದು ಓದುವುದೂ ಸಲ್ಲುತ್ತದೆ.

ಸಾಹಿತ್ಯದಲ್ಲಿ ಕುಪ್ಪಿಗೆ ಬಹುತೇಕ ವಿಷವೇ ಗತಿ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ಮಲಗಿದ್ದ ಅರಸನ ಕಿವಿಗೆ ತಮ್ಮನು ಕುಪ್ಪಿಯ ವಿಷವನ್ನು ಹೊಯ್ಯುತ್ತಾನೆ. ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ ಪಾದ್ರಿ ಕೊಟ್ಟ ಕುಪ್ಪಿಯ ದ್ರವವು ಜೂಲಿಯೆಟ್‌ಳನ್ನು ೪೨ ಗಂಟೆಗಳ ಕಾಲ ಸತ್ತಂತೆ ಮಲಗಿಸುತ್ತದೆ. ರೋಮಿಯೋ ವಿಷವನ್ನು ಕೊಳ್ಳುವ ಔಷಧಕಾರನ ಪಾತ್ರ ಇನ್ನೂ ಮಾರ್ಮಿಕವಾದುದು: ವಿಷ ಮಾರಿದರೆ ಮರಣದಂಡನೆಯೆಂದು ಬಲ್ಲ ಆ ಬಡವನು ಹಸಿವಿನಿಂದಲೇ ಒಪ್ಪುತ್ತಾನೆ. ಮಕ್ಕಳ ಲೋಕದಲ್ಲಿ ಕುಪ್ಪಿ ಅಷ್ಟು ಕ್ರೂರವಲ್ಲ. ‘ಕುಡಿ’ ಎಂಬ ಚೀಟಿ ಹೊತ್ತ ಕುಪ್ಪಿಯನ್ನು ಕಂಡ ಆಲಿಸ್ ಮೊದಲು ಅದರ ಮೇಲೆ ವಿಷವೆಂಬ ಗುರುತು ಇದೆಯೇ ಎಂದು ನೋಡುವಷ್ಟು ಜಾಣೆ. ಆ ಕೃತಿಯನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ತಂದರು. ಅರಬ್ಬೀ ಕಥೆಯ ಬೆಸ್ತನಿಗೆ ಬಲೆಯಲ್ಲಿ ಸಿಕ್ಕಿದ್ದು ಸೀಸದ ಮುದ್ರೆಯೊತ್ತಿದ ತಾಮ್ರದ ಪಾತ್ರೆ. ದೇಶ ದೇಶ ಸುತ್ತುವಷ್ಟರಲ್ಲಿ ಅದು ಗಾಜಾಗಿ, ಮಲಯಾಳದಲ್ಲಿ ‘ಕುಪ್ಪಿಯೊಳಗಿನ ಭೂತ’ವೆಂಬ ನುಡಿಗಟ್ಟಾಗಿದೆ. ಒಳಗಿನ ಭೂತ ಕಾಣಬೇಕೆಂಬ ಆಸೆಯೇ ಈ ಮಾರ್ಪಾಡಿಗೆ ಕಾರಣವಾಗಿರಬಹುದು.

ಎಚ್. ಜಿ. ವೆಲ್ಸ್ ೧೮೯೪ರಲ್ಲಿ ಬರೆದ ಸಣ್ಣಕಥೆಯೊಂದರಲ್ಲಿ ಅರಾಜಕವಾದಿಯೊಬ್ಬನು ಜೀವಾಣುತಜ್ಞನ ಮನೆಯಿಂದ ಕಾಲರಾ ತುಂಬಿದ ನಳಿಗೆಯನ್ನು ಕದ್ದು, ನಗರದ ನೀರಿಗೆ ಬೆರೆಸಲು ಕುದುರೆಗಾಡಿಯಲ್ಲಿ ಓಡುತ್ತಾನೆ. ಗಾಡಿಯ ಕುಲುಕಾಟಕ್ಕೆ ನಳಿಗೆ ಒಡೆಯುತ್ತದೆ. ಉಳಿದ ಹನಿಯನ್ನು ತಾನೇ ಕುಡಿಯುತ್ತಾನೆ. ಆದರೆ ಅದು ಕಾಲರಾ ಅಲ್ಲ, ಕೋತಿಗಳ ಮೈಯಲ್ಲಿ ನೀಲಿ ಕಲೆಗಳನ್ನು ಮೂಡಿಸುವ ಬೇರೆಯೇ ಜೀವಾಣು. ನಗಿಸಲು ಬರೆದ ಕಥೆ. ೨೦೧೪ರ ಜುಲೈಯಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸರಕಾರಿ ಪ್ರಯೋಗಶಾಲೆಯ ಶೀತಲ ಕೋಣೆಯೊಂದನ್ನು ತೆರವು ಮಾಡುವಾಗ ೧೯೫೦ರ ದಶಕದ ಸಿಡುಬಿನ ಕುಪ್ಪಿಗಳು ಮರೆತುಹೋದ ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿದಾಗ ನಗುವಂತಿರಲಿಲ್ಲ. ಸಿಡುಬು ಲೋಕದಿಂದ ನಿರ್ಮೂಲವಾಯಿತೆಂದು ೧೯೮೦ರಲ್ಲಿಯೇ ಸಾರಲಾಗಿತ್ತು. ಪರೀಕ್ಷಿಸಿದಾಗ ಎರಡು ಕುಪ್ಪಿಗಳ ವೈರಾಣುವಿಗೆ ಇನ್ನೂ ಜೀವವಿತ್ತು. ಅವನ್ನು ೨೦೧೫ರಲ್ಲಿ ನಾಶಪಡಿಸಲಾಯಿತು.

ಮರೆತ ಪೆಟ್ಟಿಗೆಗಳಿಂದ ಒಳ್ಳೆಯದೂ ಹೊರಬಂದಿದೆ. ಭೂಮಿಯ ಆದಿಕಾಲದ ವಾಯುವೆಂದು ಭಾವಿಸಲಾದ ಅನಿಲಗಳಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದ ಸ್ಟಾನ್ಲಿ ಮಿಲ್ಲರನ ಪ್ರಯೋಗ ೧೯೫೩ರಲ್ಲಿ ಪ್ರಕಟವಾಯಿತು. ಆಗ ಅವನು ಗುರುತಿಸಿದ್ದು ಐದನ್ನು. ೨೦೦೭ರಲ್ಲಿ ಅವನು ತೀರಿಕೊಂಡ ಬಳಿಕ, ಅವನು ಒಣಗಿಸಿ ಚೀಟಿ ಹಚ್ಚಿ ಇಟ್ಟಿದ್ದ ಸಣ್ಣ ಕುಪ್ಪಿಗಳನ್ನು ಅವನ ಶಿಷ್ಯ ಜೆಫ್ರಿ ಬಾಡಾ ಮತ್ತು ಸಂಗಡಿಗರು ಹೊಸ ಉಪಕರಣಗಳಿಂದ ಶೋಧಿಸಿದರು. ಜ್ವಾಲಾಮುಖಿಯನ್ನು ಅನುಕರಿಸಿದ ಪ್ರಯೋಗದ ೧೧ ಕುಪ್ಪಿಗಳಲ್ಲಿ ೨೨ ಅಮೈನೋ ಆಮ್ಲಗಳು ಕಂಡವೆಂದು ೨೦೦೮ರಲ್ಲಿ ವರದಿಯಾಯಿತು. ೧೯೫೮ರಲ್ಲಿ ಹೈಡ್ರೋಜನ್ ಸಲ್ಫೈಡ್ ಬೆರೆಸಿ ನಡೆಸಿ, ಮಿಲ್ಲರನು ಎಂದೂ ಪ್ರಕಟಿಸದ ಪ್ರಯೋಗದ ಕುಪ್ಪಿಗಳಿಂದ ೨೦೧೧ರಲ್ಲಿ ೨೩ ದೊರೆತವು. ಚೀಟಿಯ ಜೊತೆಗೆ ಟಿಪ್ಪಣಿಪುಸ್ತಕಗಳೂ ಉಳಿದಿದ್ದರಿಂದ ಯಾವ ಕುಪ್ಪಿ ಯಾವ ದಿನದ್ದೆಂದು ತಿಳಿಯಿತು.

ಇಂದಿನ ಲಸಿಕಾ ಕೇಂದ್ರದ ಕುಪ್ಪಿಯ ಮೇಲಿನ ಬರಹ ಸಾಮಾನ್ಯವಾಗಿ ಇಂಗ್ಲಿಷಿನದು. ತಾಳವಾಡಿಯಲ್ಲಿ ತಮಿಳು ಬಲ್ಲ ದಾದಿಯೂ ಜತ್ತದಲ್ಲಿ ಮರಾಠಿ ಬಲ್ಲ ದಾದಿಯೂ ಕನ್ನಡ ಮಾತ್ರ ಬಲ್ಲ ತಾಯಿಗೆ ಎದುರಾಗಬಹುದು. ೧೯೯೬ರಿಂದ ಬಳಕೆಗೆ ಬಂದ ಒಂದು ಗುರುತು ಮಾತ್ರ ಯಾವ ಲಿಪಿಯನ್ನೂ ಕೇಳುವುದಿಲ್ಲ. ಅನೇಕ ಲಸಿಕೆಗಳ ಕುಪ್ಪಿಯ ಮೇಲೆ ಬಣ್ಣದ ವೃತ್ತವೂ ಅದರ ನಡುವೆ ತಿಳಿಬಣ್ಣದ ಚೌಕವೂ ಇರುತ್ತವೆ. ಕುಪ್ಪಿ ಬಿಸಿಗೆ ಸಿಕ್ಕಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ಚೌಕವು ವೃತ್ತಕ್ಕಿಂತ ತಿಳಿಯಾಗಿರುವ ತನಕ, ಅವಧಿ ಮೀರದಿದ್ದರೆ, ಲಸಿಕೆಯನ್ನು ಬಳಸಬಹುದು. ವೃತ್ತದಷ್ಟೇ ಕಪ್ಪಾದರೆ ಅಥವಾ ಅದನ್ನು ಮೀರಿದರೆ ಬಳಸಬಾರದು. ನೀರು ಬೆರೆಸಿ ಸಿದ್ಧಪಡಿಸುವ ಬಿಸಿಜಿ, ದಡಾರ-ರುಬೆಲ್ಲಾ ಲಸಿಕೆಗಳಲ್ಲಿ ಕೆಡದಂತೆ ಕಾಯುವ ರಸಾಯನ ಇರುವುದಿಲ್ಲವಾದ್ದರಿಂದ ಬೆರೆಸಿದ ನಾಲ್ಕು ಗಂಟೆಗಳ ಮೇಲೆ ಉಳಿದುದನ್ನು ಎಸೆಯಲೇಬೇಕು. ಕೊನೆಯ ಮಗು ತಡವಾಗಿ ಬಂದಾಗ ಇನ್ನೊಂದು ಕುಪ್ಪಿ ತೆರೆಯಲು ದಾದಿ ಹಿಂಜರಿದರೆ ಅದು ಸೋಮಾರಿತನವಲ್ಲ, ಉಳಿದ ಮದ್ದು ವ್ಯರ್ಥವಾದೀತೆಂಬ ಲೆಕ್ಕ. ಆದರೂ ಮಗುವಿಗಾಗಿ ಕುಪ್ಪಿ ತೆರೆಯುವುದೇ ಸರಿಯಾದ ಕ್ರಮ.

ಚೌಕದ ಗುರುತು ಬಿಸಿಯನ್ನು ತೋರುತ್ತದೆಯೇ ಹೊರತು ಹಿಮವನ್ನು ತೋರುವುದಿಲ್ಲ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಸಂಯುಕ್ತ ಲಸಿಕೆ ಹೆಪ್ಪುಗಟ್ಟಿದರೆ ಅದರಲ್ಲಿರುವ ಅಲ್ಯೂಮಿನಿಯಂ ಲವಣದ ಕಣಗಳು ಗಂಟಾಗಿ ಲಸಿಕೆ ಕೆಡುತ್ತದೆ. ಅದನ್ನು ಕಂಡುಹಿಡಿಯಲು ಅದೇ ತಯಾರಿಕೆಯ ಒಂದು ಕುಪ್ಪಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಸಂಶಯದ ಕುಪ್ಪಿಯೊಡನೆ ಒಂದೇ ಕೈಯಲ್ಲಿ ಹಿಡಿದು ಕುಲುಕಿ, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇರಿಸಿ ನೋಡಬೇಕು. ಸಂಶಯದ ಕುಪ್ಪಿಯ ಗಸಿಯೂ ಹೆಪ್ಪುಗಟ್ಟಿಸಿದ ಕುಪ್ಪಿಯದರಷ್ಟೇ ಬೇಗ ತಳಕ್ಕಿಳಿದರೆ ಅದನ್ನು ಬದಿಗಿರಿಸಬೇಕು. ನಿಧಾನವಾಗಿ ಇಳಿದರೆ ಚುಚ್ಚಬಹುದು.